ಮಹಾವೀರಾಚಾರ್ಯ: ಜೀವನ ಮತ್ತು ಗತಿಗಣಿತ

ರಾಷ್ಟ್ರಕೂಟರ ಮಾನ್ಯಖೇಟವನ್ನು ಕನ್ನಡ ವಿದ್ವತ್ತು ಬಹುಮಟ್ಟಿಗೆ ‘ಕವಿರಾಜಮಾರ್ಗ’ದ ಮೂಲಕವೇ ನೋಡುತ್ತ ಬಂದಿದೆ. ಇದು ಸಹಜವಾದುದು. ಆದರೆ ನೃಪತುಂಗನ ಆಳ್ವಿಕೆಯಲ್ಲಿ ಅಲಂಕಾರಶಾಸ್ತ್ರದೊಂದಿಗೆ ವ್ಯಾಕರಣ, ಆಗಮ, ವೈದ್ಯ, ಗಣಿತಗಳೂ ಬೆಳೆದವು. ಇವುಗಳಲ್ಲಿ ಗಣಿತಕ್ಕೆ ಸಂದ ಹೆಸರು ಮಹಾವೀರಾಚಾರ್ಯನದು. ಆತನ ‘ಗಣಿತಸಾರಸಂಗ್ರಹ’ ಸಂಸ್ಕೃತದಲ್ಲಿರುವುದರಿಂದ ಕನ್ನಡ ಸಾಹಿತ್ಯ ಚರಿತ್ರೆಯ ಅಂಚಿನಲ್ಲಿಯೇ ಉಳಿಯಿತು. ಈ ಕೃತಿಯ ಆಧಾರದಿಂದ ಕರ್ತೃವಿನ ಬದುಕನ್ನು ಕಟ್ಟಿಕೊಳ್ಳುವುದು, ಅದರಲ್ಲಿಯೂ ದೂರ ಮತ್ತು ಕಾಲಗಳ ಅನುಪಾತವನ್ನು ಆತ ಬಿಡಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕಾಲ ಮತ್ತು ಪರಿಸರ

ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡ. ಅದೇ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ಆಳಂದ, ಅಫಜಲಪುರ, ಜೇವರ್ಗಿಗಳ ಬಯಲು ಅಂದಿನ ರಾಜಧಾನಿಗೆ ದೂರದ ನೆಲವಲ್ಲ. ಅಮೋಘವರ್ಷ ನೃಪತುಂಗನು ತಂದೆ ಮೂರನೆಯ ಗೋವಿಂದನ ಅನಂತರ ಕ್ರಿ.ಶ. ೮೧೪ರ ಸುಮಾರಿಗೆ ಎಳೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು, ೮೭೮ರ ಸುಮಾರಿನವರೆಗೆ ಆಳಿದನು. ‘ಆದಿಪುರಾಣ’ದ ಜಿನಸೇನ, ವ್ಯಾಕರಣಕಾರ ಶಾಕಟಾಯನ ಇವರು ಈ ಪರಿಸರದವರು. ವೀರಸೇನನು ಆರಂಭಿಸಿದ ‘ಜಯಧವಲ’ ಟೀಕೆಯನ್ನು ಜಿನಸೇನನು ೮೩೭ರಲ್ಲಿ ಮುಗಿಸಿದನು. ಲೋಕದ ವಿಸ್ತಾರವನ್ನೂ ಕರ್ಮದ ಪ್ರಮಾಣವನ್ನೂ ಸಂಖ್ಯೆಯಲ್ಲಿ ಹೇಳುವ ಜೈನ ಆಗಮ ಪರಂಪರೆಗೆ ಗಣಿತವು ಹೊರಗಿನ ವಿದ್ಯೆಯಾಗಿರಲಿಲ್ಲ.

ಮಹಾವೀರಾಚಾರ್ಯನು ತನ್ನ ತಂದೆತಾಯಿಗಳ, ಊರಿನ ಅಥವಾ ಗುರುವಿನ ಹೆಸರನ್ನು ಹೇಳಿಕೊಂಡಿಲ್ಲ. ಆತನ ಕಾಲವನ್ನು ನಿರ್ಧರಿಸಲು ಇರುವ ಗಟ್ಟಿಯಾದ ಆಧಾರವೆಂದರೆ ಗ್ರಂಥಾರಂಭದ ರಾಜಸ್ತುತಿ. ಅಲ್ಲಿ ನೃಪತುಂಗನು ಏಕಾಂತವಾದವನ್ನು ನಿರಸನಗೊಳಿಸಿ ಸ್ಯಾದ್ವಾದವನ್ನು ಎತ್ತಿಹಿಡಿದವನೆಂದು ವರ್ಣಿತನಾಗಿದ್ದಾನೆ. ಅವನ ಶಾಸನವು ವೃದ್ಧಿಸಲಿ ಎಂಬ ಹಾರೈಕೆಯೂ ಇದೆ. ಆಳುತ್ತಿರುವ ಅರಸನಿಗೆ ಮಾತ್ರ ಹೇಳಬಹುದಾದ ಹಾರೈಕೆಯಿದು. ಹಾಗಾಗಿ ಕೃತಿಯು ಆ ಅರಸನ ಜೀವಿತಕಾಲದಲ್ಲಿಯೇ, ಸ್ಥೂಲವಾಗಿ ೮೫೦ರ ಆಸುಪಾಸಿನಲ್ಲಿ ರಚಿತವಾಯಿತೆಂದು ವಿದ್ವಾಂಸರು ಒಪ್ಪಿದ್ದಾರೆ. ಆದರೆ ಈ ಸ್ತುತಿಯಿಂದ ಆತನು ಮಾನ್ಯಖೇಟದಲ್ಲಿಯೇ ಹುಟ್ಟಿದನೆಂದಾಗಲಿ, ಆಸ್ಥಾನದಲ್ಲಿ ಪದವಿ ಪಡೆದಿದ್ದನೆಂದಾಗಲಿ ತೀರ್ಮಾನಿಸಲಾಗದು. ಅದು ಸಮಕಾಲೀನತೆಗೆ ಪ್ರಮಾಣವೇ ಹೊರತು ಜನ್ಮಸ್ಥಳಕ್ಕೆ ಅಲ್ಲ.

೨. ಕೃತಿಯಲ್ಲಿ ಕಾಣುವ ಆಚಾರ್ಯ

ಮಂಗಳಾಚರಣೆಯಲ್ಲಿ ಕವಿಯು ಸಂಖ್ಯಾಜ್ಞಾನದ ಬೆಳಕಿನಿಂದ ಜಗತ್ತನ್ನು ಬೆಳಗಿದವನೆಂದು ವರ್ಧಮಾನ ಜಿನನಿಗೆ ವಂದಿಸುತ್ತಾನೆ. ಅನಂತರ ಗಣಿತದ ಪ್ರಶಂಸೆ ಬರುತ್ತದೆ. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳಲ್ಲೆಲ್ಲ ಗಣಿತದ ಬಳಕೆಯುಂಟು. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣಗಳಿಗೂ ಅದು ಬೇಕು ಎಂಬುದು ಆತನ ನಿಲುವು. ಗಣಿತವನ್ನು ಜ್ಯೋತಿಷ ಸಿದ್ಧಾಂತದ ಒಂದು ಅಧ್ಯಾಯವಾಗಿ ಇರಿಸಿದ ಆರ್ಯಭಟ, ಬ್ರಹ್ಮಗುಪ್ತರ ಕ್ರಮಕ್ಕಿಂತ ಇದು ಭಿನ್ನ. ಮಹಾವೀರಾಚಾರ್ಯನು ಗ್ರಹಗತಿಯನ್ನು ಬಿಟ್ಟು ಗಣಿತಕ್ಕಾಗಿಯೇ ಒಂದು ಸ್ವತಂತ್ರ ಪಠ್ಯವನ್ನು ರೂಪಿಸಿದನು. ಪೂರ್ವಸೂರಿಗಳ ಜ್ಞಾನಸಾಗರದಿಂದ ಸಾರವನ್ನಷ್ಟೇ ಸಂಗ್ರಹಿಸುತ್ತಿರುವೆನೆಂಬ ವಿನಯವು ಗ್ರಂಥದ ಹೆಸರಿನಲ್ಲಿಯೇ ಇದೆ. ಉದಾಹರಣೆಯ ಕೊನೆಯಲ್ಲಿ ಕೇಳುಗನನ್ನು ಗಣಕರ ಭೂಷಣನೆಂದು ಕರೆಯುವ ರೀತಿ ಪಾಠ ಹೇಳುವ ಗುರುವಿನದು. ಆತನು ಬೋಧಕನಾಗಿದ್ದನೆಂದು ಊಹಿಸಲು ಈ ಸಂಬೋಧನೆಗಳೇ ಆಸರೆ.

ಸಂಜ್ಞಾಧಿಕಾರದ ಅನಂತರ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರ, ಖಾತ, ಛಾಯಾ ಎಂಬ ಎಂಟು ವ್ಯವಹಾರಗಳು ಗ್ರಂಥದಲ್ಲಿವೆ. ಅಳತೆಯ ಕೋಷ್ಟಕವು ಸಂಜ್ಞಾಧಿಕಾರದಲ್ಲಿಯೇ ಬರುತ್ತದೆ. ೨೪ ಅಂಗುಲಕ್ಕೆ ಒಂದು ಹಸ್ತ, ೪ ಹಸ್ತಕ್ಕೆ ಒಂದು ದಂಡ, ೨೦೦೦ ದಂಡಕ್ಕೆ ಒಂದು ಕ್ರೋಶ, ೪ ಕ್ರೋಶಕ್ಕೆ ಒಂದು ಯೋಜನ. ಮುಂದಿನ ಲೆಕ್ಕಗಳೆಲ್ಲ ಈ ಅಳತೆಗಳ ಮೇಲೆ ನಿಂತಿವೆ.

೩. ದೂರದ ಲೆಕ್ಕ

ತ್ರೈರಾಶಿಕದಲ್ಲಿ ಮೂರು ರಾಶಿಗಳು ತಿಳಿದಿರುತ್ತವೆ: ಪ್ರಮಾಣ, ಫಲ, ಇಚ್ಛಾ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲ ದೊರೆಯುತ್ತದೆ. ಪ್ರಮಾಣ ಮತ್ತು ಇಚ್ಛೆಗಳು ಒಂದೇ ಜಾತಿಯವಾಗಿರಬೇಕು. ಒಂದು ರಾಶಿ ಹೆಚ್ಚಿದಂತೆ ಇನ್ನೊಂದು ಕಡಿಮೆಯಾಗುವಲ್ಲಿ ಕ್ರಿಯೆ ವಿಪರೀತವಾಗಿ ವ್ಯಸ್ತ ತ್ರೈರಾಶಿಕವೆನಿಸುತ್ತದೆ. ಈ ನಿಯಮವು ಆರ್ಯಭಟನಲ್ಲಿಯೇ ಇದೆ. ಮಹಾವೀರಾಚಾರ್ಯನ ವೈಶಿಷ್ಟ್ಯವಿರುವುದು ಅದನ್ನು ಭಿನ್ನರಾಶಿಗಳೊಂದಿಗೆ ಹೆಣೆದು ವ್ಯವಹಾರಕ್ಕೆ ಒಗ್ಗಿಸಿದುದರಲ್ಲಿ.

ಎರಡು ಅನುಪಾತಗಳನ್ನು ಹೋಲಿಸುವ ಸಂದರ್ಭವನ್ನು ತೆಗೆದುಕೊಳ್ಳಬಹುದು. ಆಳಂದ ತಾಲೂಕಿನ ಭೂಸನೂರಿನಿಂದ ಇಬ್ಬರು ಪಯಣಿಗರು ಹೊರಟರೆಂದು ಕಲ್ಪಿಸೋಣ. ಒಬ್ಬನು ೪ ದಿನಕ್ಕೆ ೧೫ ಕ್ರೋಶ, ಇನ್ನೊಬ್ಬನು ೫ ದಿನಕ್ಕೆ ೧೮ ಕ್ರೋಶ ನಡೆಯುತ್ತಾನೆ. ಕ್ರೋಶದ ಸಂಖ್ಯೆಯನ್ನಷ್ಟೇ ನೋಡಿದರೆ ಎರಡನೆಯವನು ಮುಂದೆಂದು ತೋರುತ್ತದೆ. ಆದರೆ ಛೇದಗಳು ಬೇರೆ ಬೇರೆಯಾಗಿರುವುದರಿಂದ ಈ ಹೋಲಿಕೆ ಸಲ್ಲದು. ಛೇದಗಳ ಲಘುತಮ ಸಮಾಪವರ್ತ್ಯವನ್ನು ‘ನಿರುದ್ಧ’ವೆಂಬ ಹೆಸರಿನಿಂದ ನಿರೂಪಿಸಿ, ಅದರಿಂದ ಭಿನ್ನರಾಶಿಗಳನ್ನು ಸಮಚ್ಛೇದಕ್ಕೆ ತರುವ ವಿಧಾನ ಕಲಾಸವರ್ಣದಲ್ಲಿದೆ. ಇಲ್ಲಿ ನಿರುದ್ಧ ೨೦. ಇಪ್ಪತ್ತು ದಿನಕ್ಕೆ ಮೊದಲನೆಯವನು ೭೫, ಎರಡನೆಯವನು ೭೨ ಕ್ರೋಶ ಸಾಗುತ್ತಾರೆ. ಆದುದರಿಂದ ಮೊದಲನೆಯವನೇ ವೇಗಿ. ೯೦ ಕ್ರೋಶದ ದಾರಿಗೆ ತ್ರೈರಾಶಿಕವನ್ನು ಹಚ್ಚಿದರೆ ಮೊದಲನೆಯವನಿಗೆ ೨೪, ಎರಡನೆಯವನಿಗೆ ೨೫ ದಿನ ಬೇಕಾಗುತ್ತವೆ. ಹೋಲಿಕೆಗೂ ಫಲಕ್ಕೂ ವಿರೋಧವಿಲ್ಲ. ಬೇರೆ ಬೇರೆ ಅಧ್ಯಾಯಗಳಲ್ಲಿರುವ ಎರಡು ವಿಧಿಗಳು ಒಂದೇ ಲೆಕ್ಕದಲ್ಲಿ ಹೀಗೆ ಕೂಡಿಕೊಳ್ಳುತ್ತವೆ.

ಗ್ರಂಥದ ಸ್ವಂತ ಉದಾಹರಣೆಗಳು ಇದಕ್ಕಿಂತ ಜಟಿಲವಾಗಿವೆ. ಕುಂಟನೊಬ್ಬನ ನಡಿಗೆ, ಮೇರುವನ್ನೇರುವ ಹುಳು ಮುಂತಾದ ಪ್ರಸಂಗಗಳಲ್ಲಿ ವೇಗವು ಸೂಕ್ಷ್ಮ ಭಿನ್ನರಾಶಿಯಲ್ಲಿಯೂ ದೂರವು ಬೃಹತ್ ಪ್ರಮಾಣದಲ್ಲಿಯೂ ಇರುತ್ತವೆ. ‘ಗತಿನಿವೃತ್ತಿ’ ಎಂಬ ವಿಭಾಗವು ವಿಶೇಷವಾಗಿ ಗಮನಾರ್ಹ. ಮುಂದೆ ಹೋಗುವ ಮತ್ತು ಹಿಂದೆ ಸರಿಯುವ ಗತಿಗಳನ್ನು ಮೊದಲು ಒಂದೇ ಕಾಲಮಾನಕ್ಕೆ ತಂದು, ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ಶುದ್ಧಗತಿಗೆ ತ್ರೈರಾಶಿಕವನ್ನು ಹಚ್ಚಬೇಕು. ಎದುರುಗಾಳಿಗೆ ಹಿಂದೆ ಸರಿಯುವ ಹಡಗು ಅಲ್ಲಿನ ಒಂದು ಪ್ರಶ್ನೆ. ಬಿಲವನ್ನು ಹೊಗುವ ಕೃಷ್ಣಸರ್ಪದ್ದು ಮತ್ತೊಂದು. ಹಾವು ದಿನದ ೫/೧೪ ಭಾಗದಲ್ಲಿ ಏಳೂವರೆ ಅಂಗುಲ ಒಳಸೇರುತ್ತದೆ. ಅದರ ಬಾಲವಾದರೋ ಕಾಲು ದಿನದಲ್ಲಿ ಎರಡೂ ಮುಕ್ಕಾಲು ಅಂಗುಲ ಬೆಳೆಯುತ್ತದೆ. ದಿನವೊಂದಕ್ಕೆ ಪ್ರವೇಶ ೨೧ ಅಂಗುಲ, ಬೆಳವಣಿಗೆ ೧೧ ಅಂಗುಲ. ಉಳಿಯುವುದು ೧೦ ಅಂಗುಲ. ಹಾವಿನ ಉದ್ದವನ್ನು ಹತ್ತರಿಂದ ಭಾಗಿಸಿದರೆ ದಿನಗಳ ಸಂಖ್ಯೆ ದೊರೆಯುತ್ತದೆ. ವಿಚಿತ್ರವೆನಿಸುವ ಭಿನ್ನರಾಶಿಗಳು ಕೊನೆಗೆ ಪೂರ್ಣಾಂಕಕ್ಕೆ ಬಂದು ನಿಲ್ಲುವ ಈ ಜೋಡಣೆಯಲ್ಲಿ ಶಿಕ್ಷಕನ ಕೈ ಕಾಣುತ್ತದೆ.

ಮಿಶ್ರಕ ವ್ಯವಹಾರದಲ್ಲಿ ಸಮಗತಿಯವನೂ ದಿನದಿನಕ್ಕೆ ವೇಗ ಹೆಚ್ಚಿಸಿಕೊಳ್ಳುವವನೂ ಸಂಧಿಸುವ ಕಾಲವನ್ನು ತಿಳಿಯುವ ಸೂತ್ರವಿದೆ. ಸಮಗತಿಯಿಂದ ಮೊದಲ ದಿನದ ಗತಿಯನ್ನು ಕಳೆದು, ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಬೇಕು. ಒಬ್ಬನು ದಿನವೂ ೧೩ ಕ್ರೋಶ ನಡೆದು, ಇನ್ನೊಬ್ಬನು ಮೊದಲ ದಿನ ೩ ಕ್ರೋಶ ನಡೆದು ದಿನಕ್ಕೆ ೪ರಂತೆ ಹೆಚ್ಚಿಸಿದರೆ ಆರನೆಯ ದಿನದ ಕೊನೆಗೆ ಇಬ್ಬರೂ ೭೮ ಕ್ರೋಶ ಸಾಗಿರುತ್ತಾರೆ. ಛಾಯಾ ವ್ಯವಹಾರದಲ್ಲಿ ಅನುಪಾತವು ದಾರಿಯಿಂದ ಎತ್ತರಕ್ಕೆ ತಿರುಗುತ್ತದೆ. ೧೨ ಅಂಗುಲದ ಶಂಕುವಿಗೆ ೯ ಅಂಗುಲದ ನೆರಳಿದ್ದಾಗ ೧೫ ಹಸ್ತದ ನೆರಳಿರುವ ಕಂಬದ ಎತ್ತರ ೨೦ ಹಸ್ತ.

ಆತನ ಮಿತಿಗಳನ್ನೂ ಇಲ್ಲಿ ಹೇಳಬೇಕು. ಸೂತ್ರಗಳಿಗೆ ಉಪಪತ್ತಿಗಳಿಲ್ಲ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂಬ ಆತನ ಮಾತು ತಪ್ಪು. ಆದರೆ ಋಣರಾಶಿಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಆತನೇ.

೪. ಕೃತಿಯ ಉತ್ತರಜೀವನ

ವ್ಯಕ್ತಿಯ ಕೊನೆಗಾಲದ ಸಂಗತಿಗಳು ಎಲ್ಲಿಯೂ ದಾಖಲಾಗಿಲ್ಲದಿದ್ದರೂ ಕೃತಿಯ ಪಯಣವನ್ನು ಗುರುತಿಸಬಹುದು. ೧೧ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ೧೨ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮೊದಲಾದವನ್ನು ರಚಿಸಿ, ಸಹಜ ಮತ್ತು ವ್ಯಸ್ತ ತ್ರೈರಾಶಿಗಳನ್ನು ಕನ್ನಡದಲ್ಲಿ ಬೋಧಿಸಿದನು. ವಲ್ಲಭನು ‘ಗಣಿತಸಾರಸಂಗ್ರಹ’ಕ್ಕೆ ಕನ್ನಡ ವ್ಯಾಖ್ಯಾನ ಬರೆದನು. ಮೂಡುಬಿದಿರೆಯೂ ಸೇರಿದಂತೆ ಹಲವೆಡೆ ಕನ್ನಡ ಲಿಪಿಯ ತಾಳೆಗರಿಗಳು ಈ ಸಂಸ್ಕೃತ ಕೃತಿಯನ್ನು ಕಾಪಾಡಿದವು. ಇಂಥ ಪ್ರತಿಗಳ ನೆರವಿನಿಂದ ಎಂ. ರಂಗಾಚಾರ್ಯರು ೧೯೧೨ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಕೃತಿಯ ಭಾಷೆ ಸಂಸ್ಕೃತವೆಂಬ ಕಾರಣಕ್ಕೆ ಮಹಾವೀರಾಚಾರ್ಯನನ್ನು ಕನ್ನಡದ ಹೊರಗಿರಿಸಿದರೆ ರಾಜಾದಿತ್ಯನ ಹಿನ್ನೆಲೆ ಮಸುಕಾಗುತ್ತದೆ. ವಲ್ಲಭನ ವ್ಯಾಖ್ಯಾನಕ್ಕೆ ನೆಲೆಯೇ ಇಲ್ಲವಾಗುತ್ತದೆ. ಅಂಚು ಮತ್ತು ಕೇಂದ್ರಗಳ ಪ್ರಶ್ನೆಯನ್ನು ಭಾಷೆಯೊಂದರಿಂದಲೇ ಅಳೆಯುವುದು ಛೇದವನ್ನು ಬಿಟ್ಟು ಅಂಶವನ್ನು ಮಾತ್ರ ಹೋಲಿಸಿದಂತೆ. ಲಿಪಿ, ವ್ಯಾಖ್ಯಾನ, ಪಾಠಪರಂಪರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ‘ಗಣಿತಸಾರಸಂಗ್ರಹ’ವು ಕನ್ನಡ ಶಾಸ್ತ್ರಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯಗಳಲ್ಲಿ ಒಂದಾಗಿ ನಿಲ್ಲುತ್ತದೆ.