ನೆವಿಲ್ ವಿನ್ಸೆಂಟ್

ನೆವಿಲ್ ವಿನ್ಸೆಂಟ್ (1902–1942) ದಕ್ಷಿಣ ಆಫ್ರಿಕಾ ಮೂಲದ ವೈಮಾನಿಕರು. ಭಾರತದಲ್ಲಿ ಟಾಟಾ ಸಂಸ್ಥೆಯ ವಿಮಾನ ಅಂಚೆ ಸೇವೆಯನ್ನು ಜೆ.ಆರ್.ಡಿ. ಟಾಟಾ ಅವರೊಂದಿಗೆ ಕಟ್ಟಿದವರು. 1932ರಲ್ಲಿ ಮುಂಬಯಿಯಿಂದ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಈ ಸೇವೆಯ ಮೊದಲ ಟಪಾಲನ್ನು ಒಯ್ದವರು ಇವರೇ.

ಹಿನ್ನೆಲೆ

ವಿನ್ಸೆಂಟ್ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನಲ್ಲಿ ಅಧಿಕಾರಿಯಾಗಿದ್ದರು. ಸೇವೆಯನ್ನು ತೊರೆದ ಬಳಿಕ ಭಾರತಕ್ಕೆ ಬಂದು, ಊರೂರಿಗೆ ಹೋಗಿ ಜನರನ್ನು ವಿಮಾನದಲ್ಲಿ ಕೂರಿಸಿಕೊಂಡು ಹಾರಾಟ ನಡೆಸಿದರು. ಈ ಸಂಚಾರದಿಂದ ದೇಶದ ಬಯಲುಗಳು, ಹವೆ ಮತ್ತು ದೂರಗಳ ಪರಿಚಯ ಅವರಿಗೆ ಚೆನ್ನಾಗಿ ಆಯಿತು.

1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್–ಕರಾಚಿ ವಿಮಾನ ಅಂಚೆಯನ್ನು ಆರಂಭಿಸಿತು. ಸುಮಾರು 5,000 ಮೈಲಿಗಳ ಆ ಪಯಣಕ್ಕೆ ಒಂದು ವಾರ ಸಾಕಾಯಿತು. ಆದರೆ ದಕ್ಷಿಣಕ್ಕೆ ಬರಬೇಕಾದ ಕಾಗದಗಳು ಕರಾಚಿಯಿಂದ ಮುಂದೆ ರೈಲನ್ನೇ ಅವಲಂಬಿಸಬೇಕಿತ್ತು. ಆಕಾಶದಲ್ಲಿ ಉಳಿಸಿದ ಕಾಲವನ್ನು ನೆಲದ ಮೇಲೆ ಕಳೆದುಕೊಂಡಂತಾಗುತ್ತಿತ್ತು. ಕರಾಚಿಯಿಂದ ಮದರಾಸಿಗೂ ವಿಮಾನವನ್ನೇ ಓಡಿಸುವ ಯೋಜನೆಯೊಂದಿಗೆ ವಿನ್ಸೆಂಟ್ ಟಾಟಾ ಸಂಸ್ಥೆಯನ್ನು ಸಂಪರ್ಕಿಸಿದರು. ಸರ್ ದೊರಾಬ್ಜಿ ಟಾಟಾ 2 ಲಕ್ಷ ರೂಪಾಯಿ ತೊಡಗಿಸಲು ಒಪ್ಪಿದರು. ಸರ್ಕಾರದ ಒಪ್ಪಿಗೆಗೆ ಮಾತ್ರ ವರ್ಷಗಳೇ ಹಿಡಿದವು. ಸೇವೆ ಆರಂಭವಾಗುವ ಕೆಲವೇ ತಿಂಗಳ ಮೊದಲು ದೊರಾಬ್ಜಿ ತೀರಿಕೊಂಡರು.

ಬಳ್ಳಾರಿಯ ಮಾರ್ಗ

1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಪೆಟ್ರೋಲು ತುಂಬಿಸಿಕೊಂಡು, ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಿನ ಹೊಣೆ ವಿನ್ಸೆಂಟರದು. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆಯಲ್ಲಿ ಸುಮಾರು 600 ಕಿ.ಮೀ., ಬಳ್ಳಾರಿಯಿಂದ ಮದರಾಸಿಗೆ ಸುಮಾರು 430 ಕಿ.ಮೀ. ಗಂಟೆಗೆ 160 ಕಿ.ಮೀ. ಆಸುಪಾಸಿನ ವೇಗದಲ್ಲಿ, ಗಾಳಿ ಎದುರಾಗದಿದ್ದರೆ, ಮೊದಲ ಹಂತಕ್ಕೇ ನಾಲ್ಕು ಗಂಟೆಯ ಹತ್ತಿರ ಬೇಕು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಕಣ್ಣಿಗೆ ಕಾಣುವ ನೆಲವೇ ದಾರಿ ತೋರಬೇಕಿತ್ತು. ಹೀಗಾಗಿ ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸು ಸೇರಿದರು. ಇಂದು ಮುಂಬಯಿ–ಚೆನ್ನೈ ಹಾರಾಟಕ್ಕೆ ಎರಡು ಗಂಟೆಯಷ್ಟೇ ಸಾಕು.

ವಾರಕ್ಕೊಮ್ಮೆ ನಡೆಯುತ್ತಿದ್ದ ಈ ಸೇವೆಯ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಜುಹುವಿನ ಬಯಲು ನೀರಿನಿಂದ ತುಂಬಿದಾಗ ನೆಲೆಯನ್ನು ಪುಣೆಗೆ ಬದಲಿಸಬೇಕಾಯಿತು. ಪಶ್ಚಿಮ ಘಟ್ಟದ ಮೋಡಗಳ ನಡುವೆ ಒಂಟಿ ಎಂಜಿನ್ನಿನ ವಿಮಾನ ನಡೆಸುವುದು ಪ್ರಾಣವನ್ನೇ ಪಣಕ್ಕೊಡ್ಡುವ ಕೆಲಸ. ಆದರೂ ಮೊದಲ ವರ್ಷ ಸೇವೆ ವೇಳೆ ತಪ್ಪಲಿಲ್ಲ. ಸುಮಾರು 1,60,000 ಮೈಲಿ ಹಾರಾಟ ನಡೆದು, 10 ಟನ್ನಿಗೂ ಮಿಕ್ಕಿ ಟಪಾಲು ಸಾಗಿತು.

ನಿಧನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪುಣೆಯಲ್ಲಿ ವಿಮಾನ ಕಾರ್ಖಾನೆ ತೆರೆಯುವ ಟಾಟಾ ಯೋಜನೆಗಾಗಿ ವಿನ್ಸೆಂಟ್ ಇಂಗ್ಲೆಂಡಿಗೆ ತೆರಳಿದ್ದರು. 1942ರಲ್ಲಿ ಅಲ್ಲಿಂದ ಭಾರತಕ್ಕೆ ಮರಳುವಾಗ ಅವರಿದ್ದ ಹಡ್ಸನ್ ವಿಮಾನ ದಾರಿಯಲ್ಲಿಯೇ ಕಣ್ಮರೆಯಾಯಿತು. ಶತ್ರುಗಳು ಅದನ್ನು ಹೊಡೆದುರುಳಿಸಿದರೆಂದು ನಂಬಲಾಗಿದೆ. ತಾವು ಕಟ್ಟಿದ ಸಂಸ್ಥೆಗೆ 1946ರಲ್ಲಿ ಏರ್ ಇಂಡಿಯಾ ಎಂಬ ಹೆಸರು ಬಂದುದನ್ನು ಅವರು ಕಾಣಲಿಲ್ಲ.