ಹೊಗೆಮಂಜಿನ ಒಗಟು ಬಿಡಿಸಿದ ವಿಜ್ಞಾನಿ

ಹೂವಿನ ಹಡಗಲಿಯ ಮಲ್ಲಿಗೆ ನಾಡಿನಲ್ಲೆಲ್ಲ ಹೆಸರಾದುದು. ಮಲ್ಲಿಗೆಯ ಬುಟ್ಟಿಗಳನ್ನು ಹೊತ್ತ ವಾಹನವೊಂದು ಬೀದಿಯಲ್ಲಿ ಹಾದುಹೋದರೆ ಅದರ ಹಿಂದೆ ಎರಡು ವಾಸನೆಗಳು ಉಳಿಯುತ್ತವೆ. ಒಂದು ಹೂವಿನದು, ಇನ್ನೊಂದು ಹೊಗೆಯದು. ಮೊದಲನೆಯದು ಮನಸ್ಸನ್ನು ಅರಳಿಸುತ್ತದೆ. ಎರಡನೆಯದು ಮೂಗು ಮುಚ್ಚಿಕೊಳ್ಳುವಂತೆ ಮಾಡುತ್ತದೆ. ಹಣ್ಣು ಹೂಗಳ ಪರಿಮಳವನ್ನೂ ವಾಹನಗಳ ಹೊಗೆಯನ್ನೂ ಗಾಳಿಯಿಂದ ಬೇರ್ಪಡಿಸಿ, ಅವುಗಳಲ್ಲಿ ಏನೇನು ಅಡಗಿದೆ ಎಂಬುದನ್ನು ಶೋಧಿಸಿದ ವಿಜ್ಞಾನಿಯೊಬ್ಬರು ಕಳೆದ ಶತಮಾನದಲ್ಲಿ ಆಗಿಹೋದರು. ಅವರೇ ಆರಿ ಯಾನ್ ಹಾಗೆನ್-ಸ್ಮಿಟ್. ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರಸ್ತೆಗಳಲ್ಲಿ ಸಂಚರಿಸುವ ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳು ಹೊಗೆ ತಪಾಸಣೆಗೆ ಒಳಗಾಗಬೇಕೆಂಬ ನಿಯಮದ ಹಿಂದೆ ಆ ಮಹನೀಯರ ಪರಿಶ್ರಮದ ಪಾಲೂ ಇದೆ.

ಹಾಗೆನ್-ಸ್ಮಿಟ್ ಅವರು ೧೯೦೦ನೆಯ ಇಸವಿ ಡಿಸೆಂಬರ್ ೨೨ರಂದು ಹಾಲೆಂಡ್ ದೇಶದ ಉಟ್ರೆಕ್ಟ್ ನಗರದಲ್ಲಿ ಜನಿಸಿದರು. ಅವರ ತಂದೆ ಅಲ್ಲಿನ ಸರ್ಕಾರಿ ಟಂಕಸಾಲೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಮಗನೂ ರಸಾಯನಶಾಸ್ತ್ರವನ್ನೇ ಆರಿಸಿಕೊಂಡು, ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ೧೯೨೯ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಸಸ್ಯಗಳಿಗೆ ಪರಿಮಳವನ್ನು ಕೊಡುವ ತೈಲಗಳು ಅವರ ಅಧ್ಯಯನದ ವಿಷಯವಾಗಿದ್ದುವು. ಅನಂತರ ಸಸ್ಯಗಳ ಬೆಳವಣಿಗೆಗೆ ಕಾರಣವಾಗುವ ಹಾರ್ಮೋನುಗಳ ಸಂಶೋಧನೆಯಲ್ಲಿಯೂ ಅವರು ಪಾಲುಗೊಂಡು ಕೀರ್ತಿಯನ್ನು ಪಡೆದರು.

೧೯೩೬ರಲ್ಲಿ ಅವರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಮರುವರ್ಷವೇ ಲಾಸ್ ಏಂಜಲೀಸ್ ನಗರದ ಸಮೀಪದಲ್ಲಿರುವ ಪ್ಯಾಸಡೀನಾದ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಅಲ್ಲಿ ಪ್ರಾಧ್ಯಾಪಕರಾಗಿ ಬಹುಕಾಲ ಕೆಲಸ ಮಾಡಿದರು. ಅನಾನಸ್ ಹಣ್ಣಿನ ಸುವಾಸನೆಗೆ ಕಾರಣವೇನೆಂಬುದನ್ನು ಅವರು ಆಗ ಪರೀಕ್ಷಿಸುತ್ತಿದ್ದರು. ಹಣ್ಣಿನಿಂದ ಹೊರಡುವ ಆವಿಯನ್ನು ಅತಿಶೀತಲವಾದ ಕೊಳವೆಗಳ ಮೂಲಕ ಹಾಯಿಸಿದರೆ ಅದರಲ್ಲಿರುವ ಸೂಕ್ಷ್ಮ ವಸ್ತುಗಳು ತಣಿದು ಹನಿಗಟ್ಟುತ್ತವೆ. ಆ ಹನಿಗಳನ್ನು ವಿಶ್ಲೇಷಿಸಿ ಪರಿಮಳದ ಮೂಲವನ್ನು ತಿಳಿಯಬಹುದು. ಇಂತಹ ಶಾಂತವಾದ, ಯಾರಿಗೂ ಬೇಸರ ತರದ ಕೆಲಸದಲ್ಲಿ ಅವರು ಮಗ್ನರಾಗಿದ್ದರು.

ಆದರೆ ಪ್ರಯೋಗಶಾಲೆಯ ಕಿಟಕಿಯ ಹೊರಗೆ ಬೇರೊಂದು ವಾಸನೆ ಹರಡಿತ್ತು. ೧೯೪೩ರ ಜುಲೈ ತಿಂಗಳಿನಲ್ಲಿ ಲಾಸ್ ಏಂಜಲೀಸ್ ನಗರವನ್ನು ಒಂದು ಬಗೆಯ ಕಂದುಬಣ್ಣದ ಮಬ್ಬು ಕವಿಯಿತು. ಜನರ ಕಣ್ಣುಗಳು ಉರಿದು ನೀರು ಸುರಿಸಿದುವು, ಗಂಟಲು ಕೆರೆಯಿತು, ದೂರದ ಬೆಟ್ಟಗಳು ಮರೆಯಾದುವು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲವಾದುದರಿಂದ, ಶತ್ರುಗಳು ವಿಷವಾಯುವನ್ನು ಬಿಟ್ಟಿರಬಹುದೆಂದು ಕೆಲವರು ಹೆದರಿದರು. ಹೊಗೆ ಮತ್ತು ಮಂಜು ಎಂಬ ಎರಡು ಪದಗಳನ್ನು ಕೂಡಿಸಿ ಜನರು ಇದನ್ನು ಸ್ಮಾಗ್ ಎಂದರು. ನಾವು ಹೊಗೆಮಂಜು ಎನ್ನಬಹುದು. ಮೊದಲು ಕೃತಕ ರಬ್ಬರಿಗೆ ಬೇಕಾದ ವಸ್ತುವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಎಲ್ಲರ ಸಂಶಯ ಹೋಯಿತು. ಅದನ್ನು ನಿಲ್ಲಿಸಿದ ಮೇಲೆಯೂ ಮಬ್ಬು ಮಾತ್ರ ಕರಗಲಿಲ್ಲ. ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆಯ ಗಂಧಕವು ತೊಂದರೆ ಕೊಡುವಂತೆ ಇಲ್ಲಿಯೂ ಗಂಧಕವೇ ಅಪರಾಧಿಯಾಗಿರಬೇಕೆಂದು ತಜ್ಞರು ಊಹಿಸಿದರು. ಕಾರ್ಖಾನೆಗಳ ಚಿಮಣಿಗಳನ್ನು ಎಲ್ಲರೂ ನೋಡುತ್ತಿದ್ದರು. ತಮ್ಮ ಮನೆಯ ಮುಂದೆ ನಿಂತಿದ್ದ ಕಾರನ್ನು ಯಾರೂ ಸಂಶಯಿಸಲಿಲ್ಲ.

ಇದೇ ವೇಳೆಗೆ ಸುತ್ತಲಿನ ರೈತರ ಹೊಲಗಳಲ್ಲಿ ಸೊಪ್ಪು ತರಕಾರಿಗಳ ಎಲೆಗಳು ಸುಟ್ಟಂತಾಗಿ, ಬೆಳ್ಳಿಯ ಬಣ್ಣಕ್ಕೆ ತಿರುಗಿ ಒಣಗತೊಡಗಿದುವು. ಇದು ಯಾವ ಕೀಟದ ಬಾಧೆಯೂ ಅಲ್ಲ, ರೋಗವೂ ಅಲ್ಲ. ಸಸ್ಯಗಳನ್ನು ಚೆನ್ನಾಗಿ ಬಲ್ಲ ಹಾಗೆನ್-ಸ್ಮಿಟ್ ಅವರನ್ನು ಈ ಸಮಸ್ಯೆಯತ್ತ ಗಮನ ಹರಿಸುವಂತೆ ಕೇಳಿಕೊಳ್ಳಲಾಯಿತು. ೧೯೪೮ರ ಸುಮಾರಿಗೆ ಅವರು ಅನಾನಸ್ ಹಣ್ಣಿಗೆ ಬಳಸಿದ ಉಪಾಯವನ್ನೇ ನಗರದ ಗಾಳಿಗೂ ಬಳಸಿದರು. ಸಾವಿರಾರು ಘನ ಅಡಿಗಳಷ್ಟು ಗಾಳಿಯನ್ನು ಶೀತಲ ಕೊಳವೆಗಳ ಮೂಲಕ ಎಳೆದಾಗ, ದುರ್ವಾಸನೆಯ ಕಂದುಬಣ್ಣದ ಕೆಲವೇ ಹನಿಗಳು ದೊರೆತುವು. ಅವುಗಳನ್ನು ಪರೀಕ್ಷಿಸಿದಾಗ, ಗಾಳಿಯಲ್ಲಿ ಆಮ್ಲಜನಕದೊಡನೆ ಕೂಡಿ ಮಾರ್ಪಟ್ಟ ತೈಲಾಂಶಗಳು ಇರುವುದು ತಿಳಿದುಬಂದಿತು. ಪೆಟ್ರೋಲ್ ಮೊದಲಾದ ಎಣ್ಣೆಗಳ ಆವಿಯೇ ಇವುಗಳ ಮೂಲವಾಗಿತ್ತು.

ಹಾಗಾದರೆ ಆ ಆವಿಯು ಕಣ್ಣುರಿಸುವ ವಿಷವಾಗಿ ಹೇಗೆ ಮಾರ್ಪಟ್ಟಿತು? ಇಲ್ಲಿಯೇ ಅವರ ಪ್ರತಿಭೆ ಬೆಳಗಿತು. ಎಂಜಿನ್ನಿನಲ್ಲಿ ಇಂಧನವು ಪೂರ್ಣವಾಗಿ ಉರಿಯುವುದಿಲ್ಲ. ಉರಿಯದೆ ಉಳಿದ ಹೈಡ್ರೋಕಾರ್ಬನ್ನುಗಳು ಹೊಗೆಕೊಳವೆಯಿಂದ ಹೊರಬರುತ್ತವೆ. ಎಂಜಿನ್ನಿನ ತೀವ್ರ ಶಾಖದಲ್ಲಿ ಗಾಳಿಯ ಸಾರಜನಕವು ಆಮ್ಲಜನಕದೊಡನೆ ಸೇರಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವೆರಡೂ ಬಿಸಿಲಿನಲ್ಲಿ ಕೂಡಿದಾಗ ಓಝೋನ್ ಎಂಬ ತೀಕ್ಷ್ಣವಾದ ಅನಿಲ ಹುಟ್ಟುತ್ತದೆ. ಆಕಾಶದಲ್ಲಿ ಬಹಳ ಎತ್ತರದಲ್ಲಿರುವ ಓಝೋನ್ ಪದರ ಸೂರ್ಯನ ಹಾನಿಕರ ಕಿರಣಗಳಿಂದ ನಮ್ಮನ್ನು ಕಾಪಾಡುತ್ತದೆ. ಅದೇ ಅನಿಲವು ನೆಲದ ಬಳಿ ಹುಟ್ಟಿದರೆ ಶ್ವಾಸಕೋಶಗಳಿಗೂ ಬೆಳೆಗಳಿಗೂ ಶತ್ರುವಾಗುತ್ತದೆ. ಕೊಳವೆಯಿಂದ ಹೊರಡುವಾಗ ಕಣ್ಣಿಗೆ ಕಾಣದ ವಸ್ತುಗಳು ಬಯಲಿನ ಬಿಸಿಲಿನಲ್ಲಿ ಬೆಂದು ವಿಷವಾಗುತ್ತವೆ ಎಂಬುದೇ ಅವರು ಕಂಡುಕೊಂಡ ಸತ್ಯ.

ಈ ಅಭಿಪ್ರಾಯವನ್ನು ೧೯೫೦ರಲ್ಲಿ ಪ್ರಕಟಪಡಿಸಿದಾಗ ಅದನ್ನು ಎಲ್ಲರೂ ಸ್ವಾಗತಿಸಲಿಲ್ಲ. ತೈಲ ಶುದ್ಧೀಕರಣಾಗಾರಗಳೂ ಮೋಟಾರು ವಾಹನಗಳೂ ಹೊಣೆಗಾರರೆಂಬ ಮಾತು ತೈಲೋದ್ಯಮಕ್ಕೆ ಹಿತವಾಗಲಿಲ್ಲ. ಆ ಉದ್ಯಮದ ಹಣದಿಂದ ಸಂಶೋಧನೆ ನಡೆಸುತ್ತಿದ್ದ ಸಂಸ್ಥೆಯ ವಿಜ್ಞಾನಿಗಳು ಅವರ ನಿರ್ಣಯವನ್ನು ಬಹಿರಂಗವಾಗಿ ಅಲ್ಲಗಳೆದರು. ತಮ್ಮ ಪರಿಮಳದ ಸಂಶೋಧನೆಗೆ ಮರಳಿ ನೆಮ್ಮದಿಯಾಗಿರಲು ಹಾಗೆನ್-ಸ್ಮಿಟ್ ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅವರು ವಾದದಿಂದ ಹಿಂಜರಿಯಲಿಲ್ಲ. ಮಾತಿಗೆ ಮಾತು ಬೆಳೆಸಲೂ ಇಲ್ಲ. ಪ್ರಯೋಗದಿಂದಲೇ ಉತ್ತರ ಕೊಡಲು ನಿರ್ಧರಿಸಿದರು. ಓಝೋನನ್ನೂ ಪೆಟ್ರೋಲಿನ ಆವಿಯನ್ನೂ ಕೂಡಿಸಿದ ಗಾಳಿಯಲ್ಲಿ ಪಾಲಕ್ ಮೊದಲಾದ ಸಸಿಗಳನ್ನು ಇರಿಸಿದರು. ಹೊಲದಲ್ಲಿ ಕಂಡ ಗಾಯಗಳೇ ಆ ಎಲೆಗಳ ಮೇಲೂ ಮೂಡಿದುವು. ಬಾಗಿಸಿದ ರಬ್ಬರ್ ಪಟ್ಟಿಗಳನ್ನು ಅಂತಹ ಗಾಳಿಯಲ್ಲಿಟ್ಟು, ಅವು ಎಷ್ಟು ಬೇಗ ಬಿರುಕುಬಿಡುತ್ತವೆ ಎಂಬುದರಿಂದ ಓಝೋನಿನ ಪ್ರಮಾಣವನ್ನು ಅಳೆದರು. ೧೯೫೨ರಲ್ಲಿ ಈ ವಿಷಯವನ್ನು ವಿವರಿಸುವ ಅವರ ಲೇಖನ ಪ್ರಕಟವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಬೇರೆ ಪ್ರಯೋಗಶಾಲೆಗಳೂ ಅದನ್ನು ದೃಢಪಡಿಸಿದುವು.

ಸತ್ಯವನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ಆಚರಣೆಗೆ ತರುವುದು ಇನ್ನೊಂದು. ಈ ಎರಡನೆಯ ಹೊರೆಯನ್ನೂ ಅವರು ಹೊತ್ತರು. ೧೯೬೦ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಮೋಟಾರು ವಾಹನಗಳ ಮಾಲಿನ್ಯ ನಿಯಂತ್ರಣಕ್ಕಾಗಿ ಒಂದು ಮಂಡಲಿಯನ್ನು ರಚಿಸಿದಾಗ ಅವರು ಅದರ ಸದಸ್ಯರಾದರು. ೧೯೬೬ರಲ್ಲಿ ಆ ರಾಜ್ಯದಲ್ಲಿ ಹೊಸ ಕಾರುಗಳ ಹೊಗೆಗೆ ಮಿತಿ ಗೊತ್ತುಪಡಿಸಲಾಯಿತು. ವಾಯುಸಂಪನ್ಮೂಲ ಮಂಡಲಿ ಅಸ್ತಿತ್ವಕ್ಕೆ ಬಂದಾಗ ಹಾಗೆನ್-ಸ್ಮಿಟ್ ಅವರೇ ಅದರ ಮೊದಲನೆಯ ಅಧ್ಯಕ್ಷರಾಗಿ, ೧೯೬೮ರಿಂದ ೧೯೭೩ರವರೆಗೆ ಸೇವೆ ಸಲ್ಲಿಸಿದರು. ೧೯೭೦ರ ದಶಕದ ನಡುವಿನಲ್ಲಿ ಕಾರುಗಳ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಬಂದಿತು. ಪ್ಲಾಟಿನಮ್ ಮೊದಲಾದ ಲೋಹಗಳ ಸಂಪರ್ಕದಿಂದ ವಿಷಾನಿಲಗಳನ್ನು ಕಡಮೆ ಹಾನಿಕರವಾದ ವಸ್ತುಗಳನ್ನಾಗಿ ಮಾರ್ಪಡಿಸುವುದು ಇದರ ಕಾರ್ಯ. ಪೆಟ್ರೋಲಿನಲ್ಲಿ ಸೀಸವಿದ್ದರೆ ಈ ಸಾಧನ ಕೆಡುತ್ತದೆ. ಆದುದರಿಂದ ಸೀಸರಹಿತ ಪೆಟ್ರೋಲ್ ಅಗತ್ಯವಾಯಿತು. ಭಾರತದಲ್ಲಿ ೧೯೯೫ರಲ್ಲಿ ಮಹಾನಗರಗಳಲ್ಲಿ ಇದರ ಮಾರಾಟ ಆರಂಭವಾಗಿ, ೨೦೦೦ದ ಹೊತ್ತಿಗೆ ದೇಶಕ್ಕೆಲ್ಲ ವ್ಯಾಪಿಸಿತು.

ಹೊಸದಾಗಿದ್ದಾಗ ಚೆನ್ನಾಗಿರುವ ಎಂಜಿನ್ ಹಳತಾದಂತೆ ಕೆಡುವುದು ಸಹಜ. ಅದಕ್ಕಾಗಿ ಆಗಾಗ್ಗೆ ತಪಾಸಣೆ ಬೇಕು. ನಮ್ಮ ದೇಶದಲ್ಲಿ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆ ಅವಕಾಶ ಕಲ್ಪಿಸಿವೆ. ತಪಾಸಣಾ ಕೇಂದ್ರದಲ್ಲಿ ಪೆಟ್ರೋಲ್ ವಾಹನದ ಹೊಗೆಕೊಳವೆಯೊಳಗೆ ಯಂತ್ರದ ನಳಿಗೆಯನ್ನಿಟ್ಟು ಇಂಗಾಲದ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್ನುಗಳನ್ನು ಅಳೆಯುತ್ತಾರೆ. ಡೀಸೆಲ್ ವಾಹನವಾದರೆ, ನಿಂತಲ್ಲಿಯೇ ಎಂಜಿನ್ನಿನ ವೇಗವನ್ನು ತಟ್ಟನೆ ಏರಿಸಿ, ಹೊಗೆಯು ಬೆಳಕನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದನ್ನು ನೋಡುತ್ತಾರೆ. ಮಿತಿಯೊಳಗಿದ್ದರೆ ಪ್ರಮಾಣಪತ್ರ ದೊರೆಯುತ್ತದೆ.

ಇದಕ್ಕಿಂತ ಮುಂದಿನ ಹೆಜ್ಜೆಯೆಂದರೆ ವಾಹನವೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ವ್ಯವಸ್ಥೆ. ಹಾಗೆನ್-ಸ್ಮಿಟ್ ಅವರು ಮುನ್ನಡೆಸಿದ್ದ ಮಂಡಲಿಯೇ ೧೯೮೮ರ ಮಾದರಿಯ ಕಾರುಗಳಿಂದ ಇದನ್ನು ಕಡ್ಡಾಯ ಮಾಡಲು ಆರಂಭಿಸಿತು. ವಾಹನದೊಳಗಿನ ಪುಟ್ಟ ಗಣಕಯಂತ್ರವು ಎಂಜಿನ್, ಕ್ಯಾಟಲಿಟಿಕ್ ಕನ್ವರ್ಟರ್ ಮೊದಲಾದ ಭಾಗಗಳನ್ನು ಗಮನಿಸುತ್ತಿರುತ್ತದೆ. ದೋಷ ಕಂಡರೆ ಅದನ್ನು ದಾಖಲಿಸಿ, ಚಾಲಕನ ಮುಂದೆ ದೀಪವನ್ನು ಹೊತ್ತಿಸುತ್ತದೆ. ಭಾರತದಲ್ಲಿ ೨೦೨೦ರ ಏಪ್ರಿಲ್ ೧ರಂದು ಭಾರತ್ ಹಂತ ಆರರ ನಿಯಮಗಳು ದೇಶಾದ್ಯಂತ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರವಾಹನಗಳಲ್ಲಿಯೂ ಇಂತಹ ಏರ್ಪಾಡು ಬಂದಿದೆ.

ಈ ವ್ಯವಸ್ಥೆಯಲ್ಲಿ ಒಂದು ಸ್ವಾರಸ್ಯವಿದೆ. ದೋಷವನ್ನು ಸರಿಪಡಿಸದೆ, ದಾಖಲೆಯನ್ನು ಮಾತ್ರ ಅಳಿಸಿ ದೀಪವನ್ನು ಆರಿಸಿಬಿಡುವ ಆಸೆ ಕೆಲವರಿಗೆ ಉಂಟಾಗಬಹುದು. ಆದರೆ ಹಾಗೆ ಅಳಿಸಿದ ಕೂಡಲೇ ಗಣಕವು ಹಿಂದಿನ ಪರೀಕ್ಷೆಗಳ ಫಲವನ್ನೂ ಮರೆಯುತ್ತದೆ. ಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ತೋರಿಸುತ್ತದೆ. ವಾಹನವು ನಿಧಾನವಾಗಿಯೂ ವೇಗವಾಗಿಯೂ ಕೆಲವು ದಿನ ಸಂಚರಿಸಿದ ಮೇಲೆಯೇ ಅವು ಪೂರ್ಣವಾಗುತ್ತವೆ. ದೋಷ ಉಳಿದಿದ್ದರೆ ಅಷ್ಟರಲ್ಲಿ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಕ್ಯಾಲಿಫೋರ್ನಿಯದಂತಹ ಕಡೆಗಳಲ್ಲಿ ತಪಾಸಕರು ಮೊದಲು ಈ ಸಿದ್ಧತೆಯನ್ನೇ ನೋಡುತ್ತಾರೆ. ಹಲಗೆಯನ್ನು ಒರೆಸಿದ ಮಾತ್ರಕ್ಕೆ ತಪ್ಪು ಲೆಕ್ಕ ಸರಿಯಾಗುವುದಿಲ್ಲವಷ್ಟೆ!

೨೦೨೧ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿರುವ ನಮ್ಮ ಈ ಐದು ತಾಲ್ಲೂಕುಗಳಿಗೂ ದೂರದ ಲಾಸ್ ಏಂಜಲೀಸಿಗೂ ಏನು ಸಂಬಂಧವೆಂದು ಕೇಳಬಹುದು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಕೂಡ್ಲಿಗಿಯ ಮೂಲಕ ಹಾದುಹೋಗುತ್ತದೆ. ಲಾರಿಗಳೂ ಬಸ್ಸುಗಳೂ ಹಗಲಿರುಳು ಅಲ್ಲಿ ಓಡುತ್ತವೆ. ಕೊಟ್ಟೂರಿನ ರಥೋತ್ಸವಕ್ಕೆ ನಡೆದು ಬರುವ ಭಕ್ತರು ವಾಹನಗಳು ಓಡುವ ರಸ್ತೆಯ ಅಂಚಿನಲ್ಲಿಯೇ ಉಸಿರಾಡುತ್ತ ಸಾಗುತ್ತಾರೆ. ಈ ಸೀಮೆಯಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಓಝೋನ್ ಹುಟ್ಟುವುದಕ್ಕೆ ಬಿಸಿಲೇ ಬೇಕು. ಇಲ್ಲಿನ ರೈತರು ಬೆಳೆಯುವ ಶೇಂಗಾ ಮತ್ತು ಹತ್ತಿ ಆ ಅನಿಲಕ್ಕೆ ಬೇಗನೆ ಸೋಲುವ ಬೆಳೆಗಳೆಂದು ಪ್ರಯೋಗಗಳಿಂದ ತಿಳಿದಿದೆ. ಪೇಟೆಯ ಹೊಗೆಯು ಪೇಟೆಯಲ್ಲಿಯೇ ನಿಲ್ಲುವುದಿಲ್ಲ. ಗಾಳಿಗೆ ತಾಲ್ಲೂಕಿನ ಗಡಿ ತಿಳಿಯದು.

ಹಾಗೆನ್-ಸ್ಮಿಟ್ ಅವರ ಸೇವೆಯನ್ನು ಮನ್ನಿಸಿ ಅಮೆರಿಕಾ ಸರ್ಕಾರ ರಾಷ್ಟ್ರೀಯ ವಿಜ್ಞಾನ ಪದಕವನ್ನು ನೀಡಿತು. ೧೯೭೪ರಲ್ಲಿ ಟೈಲರ್ ಪ್ರಶಸ್ತಿಯೂ ಅವರಿಗೆ ಸಂದಿತು. ೧೯೭೭ರ ಮಾರ್ಚ್ ೧೭ರಂದು ಅವರು ಪ್ಯಾಸಡೀನಾದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ನಿಧನ ಹೊಂದಿದರು. ಅವರ ನಂತರದ ದಶಕಗಳಲ್ಲಿ ಲಾಸ್ ಏಂಜಲೀಸಿನ ವಾಹನಗಳ ಸಂಖ್ಯೆ ಬಹಳ ಹೆಚ್ಚಿದರೂ, ಅಲ್ಲಿನ ಗಾಳಿಯ ಓಝೋನ್ ಅವರ ಕಾಲದಲ್ಲಿದ್ದುದಕ್ಕಿಂತ ಬಹುಮಟ್ಟಿಗೆ ಇಳಿದಿದೆ. ಅಲ್ಲಿನ ಕೆಲಸ ಇನ್ನೂ ಮುಗಿದಿಲ್ಲವಾದರೂ, ಮನಸ್ಸು ಮಾಡಿದರೆ ಕೆಟ್ಟ ಗಾಳಿಯನ್ನು ತಿದ್ದಬಹುದೆಂಬುದು ಇದರಿಂದ ಸಿದ್ಧವಾಯಿತು.

ತಪ್ಪು ಬೇರೆಯವರ ಚಿಮಣಿಯಲ್ಲಿದೆ ಎಂದು ಬೆರಳು ತೋರಿಸುವುದು ಸುಲಭ. ತನ್ನ ಮನೆಯಂಗಳದ ವಾಹನವನ್ನು ಪರೀಕ್ಷಿಸಿ ನೋಡುವುದು ಕಷ್ಟ. ಆ ಕಷ್ಟವಾದ ಕೆಲಸವನ್ನು ಮಾಡಲು ಹಾಗೆನ್-ಸ್ಮಿಟ್ ಒಂದು ಮಹಾನಗರಕ್ಕೆ ಕಲಿಸಿದರು. ತಪಾಸಣೆಯ ಪ್ರಮಾಣಪತ್ರವನ್ನು ದಂಡದ ಭಯದಿಂದ ಪಡೆಯುವ ಕಾಗದವೆಂದು ಭಾವಿಸದೆ, ನೆರೆಯವರ ಉಸಿರಿಗೂ ರೈತರ ಪೈರಿಗೂ ನಾವು ಕೊಡುವ ಭರವಸೆಯೆಂದು ತಿಳಿದು ನಡೆದರೆ ಅವರ ಪರಿಶ್ರಮಕ್ಕೆ ನಾವು ಗೌರವ ಸಲ್ಲಿಸಿದಂತಾಗುತ್ತದೆ.