ಚರಕದ ಮುಂದೆ ಕಲಿತ ಪಾಠ

ಹಾವೇರಿ ರೈಲು ನಿಲ್ದಾಣಕ್ಕೆ ಯಾರ ಹೆಸರಿದೆ ಎಂದು ನಿಮ್ಮ ಮಕ್ಕಳಿಗೆ ಹೇಳಿದ್ದೀರಾ? ಮೈಲಾರ ಮಹಾದೇವಪ್ಪನವರದು. 1911ರಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಅವರು ಹಂಸಭಾವಿಯಲ್ಲಿ ಓದಿದರು. ಆದರೆ ಅವರ ಬಾಳನ್ನು ರೂಪಿಸಿದ್ದು ತರಗತಿಯ ಹೊರಗಿನ ಪಾಠ. ಸಾಬರಮತಿ ಆಶ್ರಮದಲ್ಲಿ ನೂಲುವುದು, ಪ್ರಾರ್ಥನೆ, ಮೈಮುರಿಯುವ ದುಡಿಮೆ ಅವರ ದಿನಚರಿಯಾಯಿತು. 1930ರ ಮಾರ್ಚ್ 12ರಂದು ಗಾಂಧೀಜಿಯವರೊಡನೆ ದಂಡಿಗೆ ಹೊರಟವರಲ್ಲಿ ಹದಿನೆಂಟರ ಈ ತರುಣನೊಬ್ಬನೇ ಕನ್ನಡಿಗ. 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರ್ಕಾರಿ ಕಂದಾಯದ ಹಣವಿದ್ದ ಠಾಣ್ಯಕ್ಕೆ ನುಗ್ಗಿದಾಗ, ಇಬ್ಬರು ಸಂಗಡಿಗರೊಂದಿಗೆ ಗುಂಡಿಗೆ ಬಲಿಯಾದರು. ಆಗ ವಯಸ್ಸು 31.

ಸ್ಕೌಟ್‌ಗೋ ಶ್ರಮದಾನಕ್ಕೋ ಹೊರಟ ಮಗುವನ್ನು ಅಂಕಗಳ ಭಯದಿಂದ ತಡೆಯುವ ಮುನ್ನ ಒಮ್ಮೆ ಇವರನ್ನು ನೆನೆಯಿರಿ. ನಾವು ಬೆಳೆಸುತ್ತಿರುವುದು ಅಂಕಪಟ್ಟಿಯನ್ನೋ, ಮನುಷ್ಯನನ್ನೋ?